‘ಮತ್ತೆ ಬರ್ತೀವಿ’ ಅಂತ ಹೇಳಿ ಬಂದವರು: ರಷ್ಯಾದ ಒಂದು ದತ್ತು ಪ್ರಕರಣ

ಈ ಪ್ರಕರಣದಲ್ಲಿರುವುದು ಒಂದು ಕುಟುಂಬವಲ್ಲ, ಹತ್ತಾರು ಕುಟುಂಬಗಳು. ಆದರೆ ಎಲ್ಲರ ಪರಿಸ್ಥಿತಿಯೂ ಒಂದೇ. ಎಲ್ಲರೂ ಅಮೆರಿಕದವರು, ರಷ್ಯಾದಿಂದ ಮಗುವನ್ನು ದತ್ತು ತೆಗೆದುಕೊಳ್ಳಲು ಹೊರಟವರು. ಹೆಚ್ಚಿನವರು ಅಲ್ಲಿಯ ಅನಾಥಾಲಯಕ್ಕೆ ಹೋಗಿ ಮಗುವನ್ನು ನೋಡಿದ್ದರು, ಜೊತೆಗೆ ಕೂತು ಆಡಿದ್ದರು, ‘ಈ ಮಗು ನಮಗೆ ಒಪ್ಪಿಗೆ’ ಅಂತ ಸಹಿ ಹಾಕಿದ್ದರು. ‘ಮತ್ತೆ ಬರ್ತೀವಿ’ ಅಂತ ಹೇಳಿ ಊರಿಗೆ ವಾಪಸಾಗಿ ಕೋರ್ಟಿನ ತಾರೀಖಿಗೆ ಕಾಯುತ್ತಿದ್ದರು. 2013ರ ಜನವರಿ 1ರಂದು ರಷ್ಯಾದ ಹೊಸ ಕಾನೂನು ಜಾರಿಗೆ ಬಂತು. ಅಮೆರಿಕದ ಪ್ರಜೆಗಳಿಗೆ ಇನ್ನು ದತ್ತು ಇಲ್ಲ. ಅವರು ಕಾಯುತ್ತಿದ್ದ ತಾರೀಖು ಬರಲೇ ಇಲ್ಲ.

ಇದನ್ನು ಎರಡು ದೇಶಗಳ ರಾಜಕೀಯದ ಕಥೆಯಾಗಿಯೇ ಎಲ್ಲರೂ ಹೇಳಿದ್ದು. ರಾಜಕೀಯ ಇದ್ದೇ ಇದೆ, ಅದಕ್ಕೂ ಬರೋಣ. ಆದರೆ ನನ್ನ ಗಮನ ಜಾಸ್ತಿ ಹೋಗುವುದು ಆ ಭೇಟಿಯ ಕಡೆಗೆ. ಕಾಗದದ ಮೇಲೆ ಅದು ದೊಡ್ಡವರ ಕೆಲಸ: ಮಗುವನ್ನು ನೋಡಬೇಕು, ಒಪ್ಪಬೇಕು. ಮಗುವಿನ ಲೆಕ್ಕದಲ್ಲಿ ಅದು ಯಾರೋ ತನಗೆ ಮಾತು ಕೊಟ್ಟ ದಿನ. ಐದು ವರ್ಷ ದಾಟಿದ ಮಗುವಿಗೆ ಇದು ಚೆನ್ನಾಗಿಯೇ ಗೊತ್ತಾಗುತ್ತದೆ. ಆ ಮಾತು ಮುರಿದರೆ ಮಗುವಿಗೆ ಉತ್ತರ ಹೇಳಬೇಕಾದವರು ಯಾರು? ಈ ಪ್ರಶ್ನೆಯನ್ನು ಇಡೀ ಪ್ರಕರಣದಲ್ಲಿ ಯಾರೂ ತಮ್ಮದು ಅಂದುಕೊಳ್ಳಲಿಲ್ಲ.

ಮೂರು ಸಲ ವಿಮಾನ

ರಷ್ಯಾದಲ್ಲಿ ಆಗ ಭೇಟಿ ಮೊದಲು, ಕೋರ್ಟು ಆಮೇಲೆ. ಅಮೆರಿಕದಲ್ಲಿ ಹೋಮ್ ಸ್ಟಡಿ ಮುಗಿಯಬೇಕು. ಅಂದರೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ಆದಾಯ, ಆರೋಗ್ಯ, ಗಂಡ ಹೆಂಡತಿಯ ಸಂಬಂಧ ಎಲ್ಲವನ್ನೂ ವಿಚಾರಿಸಿ ವರದಿ ಬರೆಯುತ್ತಾರೆ. ಪೊಲೀಸ್ ವರದಿ, ಬ್ಯಾಂಕಿನ ಕಾಗದ, ಮದುವೆ ಸರ್ಟಿಫಿಕೇಟು, ಒಂದೊಂದಕ್ಕೂ ನೋಟರಿ, ಅದರ ಮೇಲೆ ಕಾಗದ ಹೊರದೇಶದಲ್ಲೂ ನಡೆಯಲಿ ಅಂತ ಹಾಕುವ ಅಪೊಸ್ಟೀಲ್ ಮುದ್ರೆ, ರಷ್ಯನ್ ಅನುವಾದ. ಈ ಫೈಲು ಅಲ್ಲಿಯ ಪ್ರಾಂತ್ಯದ ಇಲಾಖೆಗೆ ಹೋದ ಮೇಲೆ ಕರೆ ಬರುತ್ತದೆ.

ಮೊದಲ ಪ್ರಯಾಣ ಮಗುವನ್ನು ನೋಡುವುದಕ್ಕೆ. ಎಷ್ಟೋ ಪ್ರಾಂತ್ಯಗಳಲ್ಲಿ ಹೊರಡುವ ಮುಂಚೆ ಮಗುವಿನ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಇಲಾಖೆಯ ಕಚೇರಿಯಲ್ಲಿ ಮೇಜಿನ ಮೇಲೆ ಫೈಲು ತೆರೆದಾಗಲೇ ಹೆಸರು, ವಯಸ್ಸು, ಕಾಯಿಲೆ ಎಲ್ಲ ಗೊತ್ತಾಗುವುದು. ಅಲ್ಲಿಂದ ಸೀದಾ ಅನಾಥಾಲಯಕ್ಕೆ. ಕೆಲವು ದಿನ ಭೇಟಿ, ಒಪ್ಪಿಗೆಯಾದರೆ ಸಹಿ, ಮತ್ತೆ ಊರಿಗೆ. ಎರಡನೆಯ ಪ್ರಯಾಣ ಕೋರ್ಟಿಗೆ. ವಿದೇಶಿಯರ ದತ್ತು ಪ್ರಕರಣವನ್ನು ಪ್ರಾಂತ್ಯ ಮಟ್ಟದ ಕೋರ್ಟು ಕೇಳುತ್ತದೆ, ಬಾಗಿಲು ಮುಚ್ಚಿಕೊಂಡು. ಸರ್ಕಾರಿ ವಕೀಲರು, ಮಕ್ಕಳ ರಕ್ಷಣೆಯ ಅಧಿಕಾರಿ ಇರುತ್ತಾರೆ. ಎಂಟು ವೈದ್ಯರು ಸಹಿ ಹಾಕಿದ ಆರೋಗ್ಯ ಪತ್ರವನ್ನೂ ತೋರಿಸಬೇಕು, ಅದರಲ್ಲಿ ಮನೋವೈದ್ಯರೂ ಒಬ್ಬರು. ಆದೇಶ ಬಂದ ಕೂಡಲೇ ಮಗು ಕೈಗೆ ಸಿಗುವುದಿಲ್ಲ. ಮೇಲ್ಮನವಿಯ ಅವಧಿ ಮುಗಿಯಬೇಕು. 2012ರಲ್ಲಿ ಆ ಅವಧಿ ಒಂದು ತಿಂಗಳು. ಮೂರನೆಯ ಪ್ರಯಾಣ ಮಗುವನ್ನು ಕರೆತರುವುದಕ್ಕೆ.

ಈ ಒಂದು ತಿಂಗಳ ವಿಷಯವನ್ನು ನೆನಪಿಡಿ. ಮುಂದೆ ಅದರ ಮೇಲೆ ಎಷ್ಟೋ ಮಕ್ಕಳ ಹಣೆಬರಹ ನಿಂತಿತ್ತು.

ಇನ್ನು ಎರಡು ನಿಯಮಗಳಿದ್ದವು. ಮಗುವಿನ ಹೆಸರು ಸರ್ಕಾರಿ ಡೇಟಾಬ್ಯಾಂಕಿನಲ್ಲಿ ಒಂದು ವರ್ಷ ಇದ್ದು, ಅಷ್ಟರಲ್ಲಿ ರಷ್ಯಾದ ಕುಟುಂಬ ಸಿಗದಿದ್ದರೆ ಮಾತ್ರ ವಿದೇಶಿಯರಿಗೆ ಅವಕಾಶ. ಹತ್ತು ವರ್ಷ ತುಂಬಿದ ಮಗುವಾದರೆ ಅದರ ಒಪ್ಪಿಗೆ ಇಲ್ಲದೆ ದತ್ತು ಆಗುವಂತಿಲ್ಲ. ಅಮೆರಿಕದ ವಲಸೆ ಕಾನೂನಿನದು ಬೇರೆ ಗಡಿಯಾರ: ಸಾಮಾನ್ಯವಾಗಿ ಹದಿನಾರು ತುಂಬುವುದರೊಳಗೆ ಅರ್ಜಿ ಬಿದ್ದಿರಬೇಕು. ಹಸುಳೆಗೆ ಕಾಯುವಾಗ ತಂದೆತಾಯಿಯ ತಾಳ್ಮೆ ಖರ್ಚಾಗುತ್ತದೆ, ಅಷ್ಟೆ. ದೊಡ್ಡ ಮಗುವಿಗೆ ಕಾಯುವಾಗ ಮಗುವಿನ ಅವಕಾಶವೇ ಖರ್ಚಾಗುತ್ತಿರುತ್ತದೆ.

ಭೇಟಿಯ ಕೋಣೆ

ಭೇಟಿ ಶುರುವಾಗುವುದು ನಿರ್ದೇಶಕರ ಕೋಣೆಯಲ್ಲಿ. ಚಹಾ, ಬಿಸ್ಕತ್ತು, ಪಕ್ಕದಲ್ಲಿ ದುಭಾಷಿ. ಅಲ್ಲಿಯ ವೈದ್ಯೆ ಮಗುವಿನ ಫೈಲನ್ನು ಗಟ್ಟಿಯಾಗಿ ಓದುತ್ತಾರೆ. ಅಮೆರಿಕದವರಿಗೆ ಮೊದಲ ಗಾಬರಿ ಇಲ್ಲೇ. ರಷ್ಯಾದ ಅನಾಥಾಲಯಗಳ ಫೈಲುಗಳಲ್ಲಿ ‘ಪೆರಿನೇಟಲ್ ಎನ್ಸೆಫಲೋಪತಿ’ ಅನ್ನುವ ರೋಗದ ಹೆಸರು ಮತ್ತೆ ಮತ್ತೆ ಬರುತ್ತದೆ. ಕೇಳಿದರೆ ಮೆದುಳೇ ಹಾಳಾಗಿದೆ ಅನ್ನಿಸಬೇಕು. ಆದರೆ ಹೆರಿಗೆಯ ಸಮಯದಲ್ಲಿ ಸ್ವಲ್ಪ ತೊಂದರೆ ಆಗಿದ್ದ ಮಗುವಿಗೂ ಅದೇ ಹೆಸರು, ನಿಜವಾಗಿ ದೊಡ್ಡ ಸಮಸ್ಯೆ ಇದ್ದ ಮಗುವಿಗೂ ಅದೇ ಹೆಸರು. ಅದಕ್ಕೇ ಬಹಳ ಜನ ಸಂಜೆ ಹೋಟೆಲಿಗೆ ಬಂದು ಮಗುವಿನ ವಿಡಿಯೊವನ್ನು ಅಮೆರಿಕದ ಮಕ್ಕಳ ವೈದ್ಯರಿಗೆ ಕಳಿಸುತ್ತಿದ್ದರು. ವಿದೇಶಿ ದತ್ತು ಮಕ್ಕಳನ್ನೇ ನೋಡುವ ವೈದ್ಯರು ಅಲ್ಲಿದ್ದಾರೆ. ಮಗು ಹೇಗೆ ನಡೆಯುತ್ತದೆ, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದಾ, ತಲೆಯ ಸುತ್ತಳತೆ ಎಷ್ಟು ಅಂತ ನೋಡಿ ಹೇಳುತ್ತಿದ್ದರು.

ಆಮೇಲೆ ಮಗು ಬರುತ್ತದೆ. ಶೂ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡ ಅಪರಿಚಿತರು ಸಂಗೀತದ ಹಾಲ್‌ನಲ್ಲಿ ಕೂತಿದ್ದಾರೆ. ಮೂಲೆಯಲ್ಲೊಂದು ಪಿಯಾನೊ, ಗೋಡೆ ತುಂಬ ಕಾರ್ಟೂನ್ ಚಿತ್ರ. ಮಗುವಿಗೆ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಸಿರುತ್ತಾರೆ. ಹೆಣ್ಣುಮಗುವಾದರೆ ತಲೆಯಷ್ಟೇ ದೊಡ್ಡ ಬಿಳಿ ಬೋ. ದೊಡ್ಡ ಮಗುವಾದರೆ ಆಯಾ ಮೆತ್ತಗೆ ಬೆನ್ನು ತಟ್ಟುತ್ತಾಳೆ, ಮಗು ನೆಟ್ಟಗೆ ನಿಂತು ಬಾಯಿಪಾಠದ ಪದ್ಯ ಒಪ್ಪಿಸುತ್ತದೆ. ಚಪ್ಪಾಳೆ ಆಗುತ್ತದೆ. ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರಕ್ಕೆ ಬಂದವರ ಮುಂದೆ ಹುಡುಗಿಯನ್ನು ಹಾಡು ಅನ್ನುತ್ತಿದ್ದರಲ್ಲ, ಹೆಚ್ಚುಕಮ್ಮಿ ಹಾಗೇ. ಪದ್ಯ ಮುಗಿದ ಮೇಲೆ ಯಾರಿಗೂ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಆಗ ಚೀಲದಿಂದ ಸೋಪಿನ ಗುಳ್ಳೆಯ ಬಾಟಲಿ ಹೊರಗೆ ಬರುತ್ತದೆ. ಗುಳ್ಳೆ ಊದುವುದಕ್ಕೆ ಭಾಷೆ ಬೇಕಿಲ್ಲವಲ್ಲ.

ಬಾಳೆಹಣ್ಣು ಕೊಟ್ಟರೆ ಮಗು ಒಂದು ತಿನ್ನುತ್ತದೆ, ಇನ್ನೊಂದನ್ನು ಜೇಬಿಗೆ ತುರುಕುತ್ತದೆ. ಇದನ್ನು ಹಸಿವು ಅಂದುಕೊಂಡವರೇ ಜಾಸ್ತಿ. ಮೂರು ಹೊತ್ತು ಗಂಜಿ, ಸೂಪು, ಬ್ರೆಡ್ಡು ಸರಿಯಾಗಿ ಸಿಗುವ ಕಡೆಯೂ ಮಕ್ಕಳು ಹೀಗೆ ಮಾಡುತ್ತವೆ. ಅಲ್ಲಿ ಯಾವ ವಸ್ತುವೂ ಒಬ್ಬರದ್ದಲ್ಲ. ಬಟ್ಟೆ ಎಲ್ಲರದ್ದು, ಆಟಿಕೆ ಕಪಾಟಿನದ್ದು. ಜೇಬಿನಲ್ಲಿ ಇರುವುದು ಮಾತ್ರ ಸ್ವಂತದ್ದು.

ಬೆಳಿಗ್ಗೆ ಒಂದೆರಡು ಗಂಟೆ. ಊಟದ ನಂತರ ಮಲಗುವ ಹೊತ್ತು, ಆಗ ಯಾರೂ ಇರುವಂತಿಲ್ಲ. ಸಂಜೆ ಮತ್ತೆ ಸ್ವಲ್ಪ ಹೊತ್ತು. ಬಾಗಿಲ ಸಂದಿಯಲ್ಲಿ ಉಳಿದ ಮಕ್ಕಳ ಮುಖ ಕಾಣುತ್ತಿರುತ್ತದೆ. ಎರಡನೆಯ ದಿನಕ್ಕೇ ಆಯಾಗಳು ‘ನೋಡು, ಅಮ್ಮ ಬಂದಳು’ ಅನ್ನುವುದಕ್ಕೆ ಶುರು ಮಾಡುತ್ತಾರೆ. ಸಹಿ ಇನ್ನೂ ಬಿದ್ದಿಲ್ಲ, ಕೋರ್ಟು ಇನ್ನೂ ತಿಂಗಳುಗಟ್ಟಲೆ ದೂರ. ಆದರೆ ಮಗುವಿನ ಕಿವಿಗೆ ಆ ಮಾತು ಬಿದ್ದಾಯಿತು. ಇಡೀ ಪದ್ಧತಿಯಲ್ಲಿ ನನಗೆ ಅತಿ ದೊಡ್ಡ ತಪ್ಪು ಅನ್ನಿಸುವುದು ಇದು. ಆಯಾಗಳ ಮೇಲೆ ಕೋಪ ಬರುವುದಿಲ್ಲ. ಅವರು ಪ್ರೀತಿಯಿಂದಲೇ ಹೇಳುತ್ತಾರೆ. ಬೇರೆ ಏನು ಹೇಳಬೇಕು ಅಂತ ಅವರಿಗೆ ಯಾರೂ ಕಲಿಸಿಕೊಟ್ಟಿಲ್ಲ.

ನೆರೆಯ ಕಝಾಕಿಸ್ತಾನದಲ್ಲಿ ಹದಿನಾಲ್ಕು ದಿನ ದಿನವೂ ಅನಾಥಾಲಯಕ್ಕೆ ಹೋಗಿ ಮಗುವಿನ ಜೊತೆ ಇರಲೇಬೇಕು ಅನ್ನುವ ನಿಯಮ ಇತ್ತು. ರಷ್ಯಾದಲ್ಲಿ ಅಷ್ಟು ಉದ್ದದ ಕಡ್ಡಾಯ ಇರಲಿಲ್ಲ. ಕೆಲವರದ್ದು ಕೆಲವೇ ದಿನದ ಪರಿಚಯ. ಈ ‘ಕೆಲವೇ ದಿನ’ವೂ ಮುಂದೆ ಕೋರ್ಟಿನಲ್ಲಿ ದೊಡ್ಡ ವಿಷಯವಾಯಿತು.

ಬಿಟ್ಟು ಬಂದ ಆಲ್ಬಮ್

ಹೊರಡುವ ದಿನ ಹೆಚ್ಚಿನವರು ಬಿಟ್ಟು ಬರುತ್ತಿದ್ದುದು ಫೋಟೊ ಆಲ್ಬಮ್. ಇದು ನಿನ್ನ ಮನೆ, ಇದು ನಿನ್ನ ಹಾಸಿಗೆ, ಇದು ನಾಯಿ, ಇದು ಅಜ್ಜಿ. ಕೆಳಗೆ ರಷ್ಯನ್ನಿನಲ್ಲಿ ಒಂದೊಂದು ಸಾಲು. ದಿನಾ ಮಲಗುವ ಮುಂಚೆ ತೋರಿಸಿ ಅಂತ ಆಯಾಗೆ ಕೇಳಿಕೊಂಡು ಬರುತ್ತಿದ್ದರು. ಕೆಲವರು ಅಗ್ಗದ ಕ್ಯಾಮೆರಾ ಕೊಟ್ಟು ಬರುತ್ತಿದ್ದರು, ಮಗುವಿನ ಫೋಟೊ ತೆಗೆದಿಡಿ, ಮುಂದಿನ ಸಲ ತೊಳೆಸಿಕೊಳ್ಳುತ್ತೇವೆ ಅಂತ. ಪಾದದ ಅಳತೆಗೆ ಕಾಗದದ ಮೇಲೆ ಗೆರೆ ಎಳೆದುಕೊಂಡು ಬರುವುದು ಇನ್ನೊಂದು ಪದ್ಧತಿ. ಮಗು ಹೊರಡುವ ದಿನ ಅನಾಥಾಲಯದ ಬಟ್ಟೆ, ಚಪ್ಪಲಿ ಎಲ್ಲ ಅಲ್ಲೇ ಬಿಟ್ಟು ಬರಬೇಕು. ಒಳ ಅಂಗಿಯಿಂದ ಬೂಟಿನವರೆಗೆ ಹೊಸದನ್ನು ತಂದೆತಾಯಿಯೇ ತರಬೇಕು. ಕಾಯುವ ತಿಂಗಳುಗಳಲ್ಲಿ ಕಾಲು ಎಷ್ಟು ಬೆಳೆದಿರಬಹುದು ಅಂತ ಅಂದಾಜು ಮಾಡಿ ಎರಡು ಅಳತೆಯ ಬೂಟು ಕೊಳ್ಳುವವರಿದ್ದರು.

ಆಲ್ಬಮ್ ಒಳ್ಳೆಯದೇ. ಆದರೆ ಅದನ್ನು ನೋಡುವ ಮಗು ಎಂಥ ಜಾಗದಲ್ಲಿದೆ ಅನ್ನುವುದೂ ಮುಖ್ಯ. ಸೇಂಟ್ ಪೀಟರ್ಸ್‌ಬರ್ಗಿನ ಶಿಶುಗೃಹಗಳಲ್ಲಿ ರಷ್ಯಾ ಮತ್ತು ಅಮೆರಿಕದ ಸಂಶೋಧಕರು ಸೇರಿ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಮಾಮೂಲಿ ಶಿಶುಗೃಹದ ಮಗು ಎರಡು ವರ್ಷ ತುಂಬುವುದರೊಳಗೆ ಅರುವತ್ತರಿಂದ ನೂರು ಜನ ಆರೈಕೆಯವರನ್ನು ಕಂಡಿರುತ್ತದೆ ಅಂತ ಅವರು ಲೆಕ್ಕ ಹಾಕಿದ್ದರು. ಪಾಳಿ ಬದಲಾಗುತ್ತದೆ, ವಯಸ್ಸಿಗೆ ತಕ್ಕಂತೆ ಗುಂಪು ಬದಲಾಗುತ್ತದೆ, ನಾಲ್ಕು ವರ್ಷದ ಹೊತ್ತಿಗೆ ಶಿಶುಗೃಹದಿಂದ ಮಕ್ಕಳ ಗೃಹಕ್ಕೆ ವರ್ಗ. ಅಣ್ಣ ಒಂದು ಕಡೆ, ತಂಗಿ ಇನ್ನೊಂದು ಕಡೆ. ಅದೇ ಸಂಶೋಧಕರು ಕೆಲವು ಗೃಹಗಳಲ್ಲಿ ಒಂದು ಬದಲಾವಣೆ ಮಾಡಿ ನೋಡಿದರು: ಗುಂಪು ಚಿಕ್ಕದು, ಆರೈಕೆಗೆ ಕೆಲವೇ ಜನ, ಆದರೆ ಬದಲಾಗದ ಜನ. ಅದರ ಜೊತೆಗೆ ಆಯಾಗಳಿಗೆ ತರಬೇತಿ. ಮಕ್ಕಳ ಎತ್ತರ, ತೂಕ, ಮಾತು, ನಡವಳಿಕೆ ಎಲ್ಲದರಲ್ಲೂ ಸುಧಾರಣೆ ಕಂಡಿತು.

ಇಷ್ಟು ಜನ ಬಂದು ಹೋಗುವುದನ್ನು ನೋಡಿ ಬೆಳೆದ ಮಗು ಎರಡು ರೀತಿ ಆಗಬಹುದು. ಯಾರು ಬಂದರೂ ತೊಡೆ ಏರಿ ಕೂರುವ ಮಗು ಒಂದು. ಬಂದವರಿಗೆ ಅದು ಪ್ರೀತಿಯಂತೆ ಕಾಣುತ್ತದೆ, ‘ನೋಡಿದ ಕೂಡಲೇ ನಮ್ಮನ್ನು ಹಚ್ಚಿಕೊಂಡಿತು’ ಅನ್ನುತ್ತಾರೆ. ಹಾಗೆ ಎಲ್ಲರನ್ನೂ ಹಚ್ಚಿಕೊಳ್ಳುವುದೇ ಯಾರನ್ನೂ ಹಚ್ಚಿಕೊಳ್ಳಲು ಆಗದ್ದರ ಗುರುತೂ ಆಗಿರಬಹುದು ಅಂತ ಮಕ್ಕಳ ಮನೋವಿಜ್ಞಾನ ಹೇಳುತ್ತದೆ. ಇನ್ನೊಂದು, ಹತ್ತಿರವೇ ಬಾರದ ಮಗು. ಅದಕ್ಕೆ ಅನುಭವ ಇದೆ. ಮುಂಚೆ ಯಾರೋ ಬಂದು ನೋಡಿ ಒಪ್ಪದೆ ಹೋಗಿರಬಹುದು. ಜೊತೆಯ ಹುಡುಗ ಅಮೆರಿಕಕ್ಕೆ ಹೋಗಿದ್ದು ಗೊತ್ತು, ಇನ್ನೊಬ್ಬಳ ‘ಅಮ್ಮ’ ಮತ್ತೆ ಬಾರದೇ ಇದ್ದದ್ದೂ ಗೊತ್ತು.

ಇಂಥ ಮಗು ಕಡೆಗೆ ಒಂದು ಸಲ ನಂಬಿದರೆ ಅದು ಸಣ್ಣ ವಿಷಯವಲ್ಲ.

ಡಿಸೆಂಬರ್

ರಾಜಕೀಯವನ್ನು ಬೇಗ ಮುಗಿಸುತ್ತೇನೆ. ಸೋವಿಯತ್ ಒಕ್ಕೂಟ ಮುರಿದ ಮೇಲೆ ಎರಡು ದಶಕದಲ್ಲಿ ಸುಮಾರು 60,000 ರಷ್ಯನ್ ಮಕ್ಕಳು ಅಮೆರಿಕದ ಮನೆಗಳಿಗೆ ಹೋಗಿದ್ದರು. ಬಹಳಷ್ಟು ಮಕ್ಕಳು ಚೆನ್ನಾಗಿದ್ದರು. ಕೆಲವರು ಸತ್ತರು. 2008ರ ಜುಲೈನಲ್ಲಿ ವರ್ಜೀನಿಯಾದಲ್ಲಿ ದೀಮಾ ಯಾಕೊವ್ಲೆವ್ ಅನ್ನುವ ಪುಟ್ಟ ಹುಡುಗ ಸುಡುಬಿಸಿಲಿನಲ್ಲಿ ಕಾರಿನೊಳಗೆ ಮರೆತುಹೋಗಿ ತೀರಿಕೊಂಡ. ದತ್ತು ತಂದೆಯನ್ನು ಕೋರ್ಟು ಖುಲಾಸೆ ಮಾಡಿತು. 2010ರಲ್ಲಿ ಟೆನೆಸ್ಸಿಯ ಒಬ್ಬ ದತ್ತು ತಾಯಿ ಏಳು ವರ್ಷದ ಹುಡುಗನ ಕೈಗೆ ಚೀಟಿ ಕೊಟ್ಟು ಒಬ್ಬನೇ ಮಾಸ್ಕೋ ವಿಮಾನ ಹತ್ತಿಸಿ ಕಳಿಸಿದಳು. ರಷ್ಯಾದ ಜನರ ಸಿಟ್ಟು ಸುಳ್ಳಲ್ಲ. ಇದನ್ನು ಮರೆತು ಬರೆದರೆ ಪ್ರಕರಣ ಅರ್ಧವೇ ಆಗುತ್ತದೆ.

ಆ ಸಿಟ್ಟಿನಿಂದ ಒಂದು ಒಳ್ಳೆಯ ಕೆಲಸವೂ ಆಗಿತ್ತು. 2011ರ ಜುಲೈನಲ್ಲಿ ಎರಡೂ ದೇಶ ದತ್ತು ಒಪ್ಪಂದಕ್ಕೆ ಸಹಿ ಹಾಕಿದವು. ಅಧಿಕೃತ ಏಜೆನ್ಸಿ ಮೂಲಕವೇ ದತ್ತು, ಪೋಷಕರಿಗೆ ತರಬೇತಿ, ಮಗು ಹೋದ ಮೇಲೆ ಅದರ ಸ್ಥಿತಿಗತಿಯ ವರದಿ. 2012ರ ನವೆಂಬರ್ 1ರಂದು ಅದು ಜಾರಿಯಾಯಿತು. ಒಪ್ಪಂದ ಮುರಿಯಬೇಕಾದರೆ ಒಂದು ವರ್ಷ ಮುಂಚೆ ನೋಟಿಸು ಕೊಡಬೇಕು ಅಂತಲೂ ಅದರಲ್ಲಿತ್ತು.

ಎರಡೇ ತಿಂಗಳು. ಡಿಸೆಂಬರ್ 14ರಂದು ಒಬಾಮಾ ಮ್ಯಾಗ್ನಿಟ್‌ಸ್ಕಿ ಕಾನೂನಿಗೆ ಸಹಿ ಹಾಕಿದರು. ಮಾಸ್ಕೋದ ಜೈಲಿನಲ್ಲಿ 2009ರಲ್ಲಿ ಸತ್ತ ತೆರಿಗೆ ಸಲಹೆಗಾರ ಸೆರ್ಗೆಯ್ ಮ್ಯಾಗ್ನಿಟ್‌ಸ್ಕಿಯ ಸಾವಿಗೆ ಕಾರಣರಾದ ರಷ್ಯನ್ ಅಧಿಕಾರಿಗಳ ಮೇಲೆ ನಿರ್ಬಂಧ ಹಾಕುವ ಕಾನೂನು ಅದು. ಮಕ್ಕಳಿಗೂ ಅದಕ್ಕೂ ಏನೇನೂ ಸಂಬಂಧ ಇಲ್ಲ. ಅದಕ್ಕೆ ಉತ್ತರವಾಗಿ ಬಂದ ಮಸೂದೆಯಲ್ಲಿ ದತ್ತು ನಿಷೇಧ ಸೇರಿಕೊಂಡಿತು, ಕಾರಿನಲ್ಲಿ ಸತ್ತ ಹುಡುಗನ ಹೆಸರೇ ಅದಕ್ಕೆ ಅಂಟಿಕೊಂಡಿತು. ರಷ್ಯಾದ ಸಂಸತ್ತಿನ ಕೆಳಮನೆಯಾದ ಡ್ಯೂಮಾದಲ್ಲಿ 420 ಮತ ಪರ, 7 ವಿರುದ್ಧ. ಡಿಸೆಂಬರ್ 28ರಂದು ಪುಟಿನ್ ಸಹಿ. ನಾಲ್ಕು ದಿನಕ್ಕೆ ಜಾರಿ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವುದಕ್ಕೆ ಇದಕ್ಕಿಂತ ನೇರ ಉದಾಹರಣೆ ಬೇಕಾ? ಜನವರಿ 13ರಂದು ಮಾಸ್ಕೋದ ಬೀದಿಯಲ್ಲಿ ಸಾವಿರಾರು ರಷ್ಯನ್ನರೇ ಇದರ ವಿರುದ್ಧ ಮೆರವಣಿಗೆ ಹೊರಟರು, ಚಳಿಯಲ್ಲಿ.

ಒಂದು ವರ್ಷದ ನೋಟಿಸಿನ ಕಥೆ ಏನಾಯಿತು? ಒಪ್ಪಂದ ಕಾಗದದ ಮೇಲೆ 2014ರ ಜನವರಿ 1ರವರೆಗೂ ಜೀವಂತವಾಗಿಯೇ ಇತ್ತು. ದತ್ತು ಮಾತ್ರ 2013ರ ಮೊದಲ ದಿನವೇ ನಿಂತಿತ್ತು.

ಗೆರೆ ಎಳೆದದ್ದು ಎಲ್ಲಿ

ಜನವರಿಯಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ: ಅರ್ಧ ದಾರಿಯಲ್ಲಿರುವವರು ಏನು ಮಾಡಬೇಕು? ಕೆಲವರ ಆದೇಶ ಡಿಸೆಂಬರಿನಲ್ಲೇ ಬಂದಿತ್ತು, ಆದರೆ ಆ ಒಂದು ತಿಂಗಳು ಮುಗಿದಿರಲಿಲ್ಲ. ಕಾನೂನಿನ ಲೆಕ್ಕದಲ್ಲಿ ಮಗು ಇನ್ನೂ ಅವರದ್ದಲ್ಲ. ರಷ್ಯಾಕ್ಕೆ ಬಂದು ಹೋಟೆಲಿನಲ್ಲಿ ಕೂತವರಿಗೂ ಏನಾಗುತ್ತದೆ ಅಂತ ಗೊತ್ತಿರಲಿಲ್ಲ. ಜನವರಿ 22ರಂದು ರಷ್ಯಾದ ಸುಪ್ರೀಂ ಕೋರ್ಟು ಕೆಳಗಿನ ಕೋರ್ಟುಗಳಿಗೆ ಪತ್ರ ಬರೆಯಿತು. ಜನವರಿ 1ಕ್ಕೆ ಮುಂಚೆ ಆದೇಶ ಆಗಿದ್ದರೆ, ಅದು ಊರ್ಜಿತವಾದದ್ದು ಆಮೇಲಾದರೂ, ಮಗುವನ್ನು ಕೊಡಿ ಅಂತ. ಆ ಮಕ್ಕಳು ಹೊರಟವು.

ಆದೇಶ ಆಗದವರು ಉಳಿದರು. ಯೋಚಿಸಿ ನೋಡಿ, ಇಬ್ಬರು ಮಕ್ಕಳು. ಇಬ್ಬರ ಹತ್ತಿರವೂ ಆಲ್ಬಮ್ ಇದೆ. ಇಬ್ಬರನ್ನೂ ಅದೇ ಶರತ್ಕಾಲದಲ್ಲಿ ನೋಡಿಹೋಗಿದ್ದಾರೆ. ಒಬ್ಬನ ಪ್ರಾಂತ್ಯದ ಕೋರ್ಟು ಡಿಸೆಂಬರ್ ಮಧ್ಯದಲ್ಲಿ ತಾರೀಖು ಕೊಟ್ಟಿತು. ಇನ್ನೊಬ್ಬನ ಪ್ರಾಂತ್ಯದಲ್ಲಿ ಹೊಸವರ್ಷದ ರಜೆ ಕಳೆಯಲಿ ಅಂತ ಜನವರಿಗೆ ಹಾಕಿದರು. ಮಗುವಿನ ಹಿತ ಅಂತ ಎರಡೂ ದೇಶದವರು ಹೇಳುತ್ತಲೇ ಇದ್ದರು. ಕೊನೆಗೆ ತೀರ್ಮಾನ ಮಾಡಿದ್ದು ಕೋರ್ಟ್ ಗುಮಾಸ್ತರ ಡೈರಿ.

ದೊಡ್ಡ ಮಕ್ಕಳ ಕಷ್ಟ ಇನ್ನೊಂದು ಥರ. ಅವರಿಗೆ ಟಿವಿ ಇದೆ, ಓದಲು ಬರುತ್ತದೆ. ದೇಶವೆಲ್ಲ ತಮ್ಮ ಬಗ್ಗೆಯೇ ಜಗಳ ಆಡುತ್ತಿರುವುದು ಕೇಳಿಸುತ್ತದೆ. ಆ ಜನವರಿಯಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗನ ಸುದ್ದಿ ಓಡಾಡಿತು. ವರ್ಷಗಳಿಂದ ಬಂದು ನೋಡುತ್ತಿದ್ದ ಅಮೆರಿಕದ ಕುಟುಂಬಕ್ಕೆ ತನ್ನನ್ನು ಕಳಿಸಿ ಅಂತ ಅವನು ಪುಟಿನ್‌ಗೆ ಪತ್ರ ಬರೆದಿದ್ದಾನೆ ಅಂತ ಒಬ್ಬ ಸಂಸದ ಹೇಳಿದ. ಕೂಡಲೇ ಅಂಥ ಪತ್ರವೇ ಇಲ್ಲ ಅನ್ನುವ ನಿರಾಕರಣೆ ಬಂತು. ಪತ್ರ ಇತ್ತಾ ಇಲ್ಲವಾ ಅಂತ ಪತ್ರಿಕೆಗಳು ಹುಡುಕಿದ್ದೇ ಹುಡುಕಿದ್ದು. ಹತ್ತು ವರ್ಷ ದಾಟಿದ ಮಗುವಿನ ಒಪ್ಪಿಗೆ ಇಲ್ಲದೆ ದತ್ತು ಆಗಕೂಡದು ಅನ್ನುವ ಅದೇ ದೇಶದಲ್ಲಿ, ದತ್ತು ನಿಲ್ಲಿಸುವಾಗ ಯಾವ ಮಗುವನ್ನೂ ಕೇಳುವ ಪದ್ಧತಿ ಇರಲಿಲ್ಲ.

ಸ್ಟ್ರಾಸ್‌ಬರ್ಗ್

ಉಳಿದವರಲ್ಲಿ 45 ಜನ ಅಮೆರಿಕನ್ನರು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 27 ಮಕ್ಕಳ ವಿಷಯ ಅದು. ಮಕ್ಕಳಲ್ಲಿ ಬಹುಪಾಲು ಯಾವುದಾದರೂ ಕಾಯಿಲೆ, ಊನ ಇದ್ದವರು. ತೀರ್ಪು ಬಂದದ್ದು 2017ರ ಜನವರಿ 17ರಂದು. ಅರ್ಜಿ ಹಾಕಿ ನಾಲ್ಕು ವರ್ಷ.

ತೀರ್ಪು ಅರ್ಜಿದಾರರ ಕಡೆಗೇ ಆಯಿತು. ದತ್ತು ತೆಗೆದುಕೊಳ್ಳುವುದು ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆ ಕೊಡುವ ಹಕ್ಕಲ್ಲ, ನಿಜ. ಆದರೆ ಒಂದು ದೇಶ ತಾನಾಗಿಯೇ ಆ ಅವಕಾಶ ಕೊಟ್ಟ ಮೇಲೆ ಪೌರತ್ವ ನೋಡಿ ತಾರತಮ್ಯ ಮಾಡುವಂತಿಲ್ಲ ಅಂದಿತು ಕೋರ್ಟು. ರಷ್ಯಾದ ಮಕ್ಕಳಿಗೆ ರಷ್ಯಾದಲ್ಲೇ ಮನೆ ಹುಡುಕುವ ಉದ್ದೇಶ ತಪ್ಪಲ್ಲ. ಆದರೆ ಕೊನೆಯ ಹಂತದಲ್ಲಿರುವವರನ್ನೂ ಬಿಡದೆ, ಒಂದೊಂದು ಮಗುವಿನ ಸ್ಥಿತಿಯನ್ನೂ ನೋಡದೆ, ದಿಢೀರ್ ಅಂತ ಎಲ್ಲರಿಗೂ ಒಂದೇ ಬಾಗಿಲು ಹಾಕಿದ್ದು ಅತಿಯಾಯಿತು. ಅರ್ಜಿ ಹಾಕಿದ ಪ್ರತಿ ಜೋಡಿಗೆ 3,000 ಯೂರೊ ಪರಿಹಾರ. ಹತ್ತಾರು ಸಾವಿರ ಡಾಲರ್ ಖರ್ಚು ಮಾಡಿಕೊಂಡವರಿಗೆ ಅದು ಯಾವ ಮೂಲೆಗೆ?

ಈ ತೀರ್ಪಿನಲ್ಲಿ ಸುದ್ದಿಯಾಗದ ಎರಡು ವಿಷಯಗಳು ನನಗೆ ಮುಖ್ಯ. ಒಂದು: ಅರ್ಜಿದಾರರಿಗೂ ಮಕ್ಕಳಿಗೂ ನಡುವೆ ‘ಕುಟುಂಬ ಜೀವನ’ ಇತ್ತು ಅಂತ ಕೋರ್ಟು ಒಪ್ಪಲಿಲ್ಲ. ಜೊತೆಗೆ ಕಳೆದ ಸಮಯ ಕಡಿಮೆ, ಕಾನೂನಿನ ಸಂಬಂಧ ಇಲ್ಲ. ತಂದೆತಾಯಿ ಆಗಬೇಕು ಅನ್ನುವ ಅವರ ಪ್ರಯತ್ನ ಅವರ ‘ಖಾಸಗಿ ಜೀವನ’ದ ಭಾಗ, ಹಾಗಾಗಿ ರಕ್ಷಣೆ ಇದೆ ಅಂದಿತು. ಎರಡು: ಮಕ್ಕಳ ಪರವಾಗಿ ಮಾತಾಡುವ ಅಧಿಕಾರ ಈ ಅರ್ಜಿದಾರರಿಗೆ ಇಲ್ಲ ಅಂತ ಮಕ್ಕಳ ಹೆಸರಿನ ದೂರನ್ನು ಪಕ್ಕಕ್ಕಿಟ್ಟಿತು.

ಎರಡೂ ಕಾನೂನಿನ ದೃಷ್ಟಿಯಿಂದ ಸರಿಯೇ ಇರಬಹುದು. ನಾನು ಇದನ್ನು ತಪ್ಪು ಅನ್ನುವುದಿಲ್ಲ. ಯಾರೋ ನಾಲ್ಕು ದಿನ ನೋಡಿದ ಮಾತ್ರಕ್ಕೆ ಮಗುವಿನ ವಕ್ತಾರರಾಗಿಬಿಟ್ಟರೆ ಅದಕ್ಕೂ ಅಪಾಯ ಇದೆ. ಆದರೆ ಫಲಿತಾಂಶ ನೋಡಿ: ನಷ್ಟ ಆಗಿದ್ದು ದೊಡ್ಡವರ ಖಾಸಗಿ ಜೀವನಕ್ಕೆ ಅಂತ ದಾಖಲೆಯಾಯಿತು. ಕಾದು ಕೂತ ಮಗುವಿಗೆ ಏನಾಯಿತು ಅನ್ನುವುದು ಯಾರ ಪ್ರಕರಣವೂ ಆಗಲಿಲ್ಲ.

ಮಕ್ಕಳಲ್ಲಿ ಕೆಲವರಿಗೆ ರಷ್ಯಾದಲ್ಲೇ ಮನೆ ಸಿಕ್ಕಿತು. ಇದನ್ನು ಹೇಳಲೇಬೇಕು. ನಿಷೇಧದ ದಿನವೇ ಅನಾಥ ಮಕ್ಕಳ ನೆರವಿಗೆ ಪುಟಿನ್ ಒಂದು ಆದೇಶಕ್ಕೂ ಸಹಿ ಹಾಕಿದ್ದರು. 2014ರಲ್ಲಿ ಸರ್ಕಾರ ಅನಾಥಾಲಯಗಳ ನಿಯಮಗಳನ್ನೇ ಬದಲಿಸಿತು: ಚಿಕ್ಕ ಗುಂಪು, ಮನೆಯಂಥ ವಾಸ, ಒಡಹುಟ್ಟಿದವರನ್ನು ಬೇರೆ ಮಾಡಬಾರದು. ಆ ಪೀಟರ್ಸ್‌ಬರ್ಗ್ ಸಂಶೋಧಕರು ಹೇಳಿದ್ದೂ ಹೆಚ್ಚುಕಮ್ಮಿ ಇದೇ. ಡೇಟಾಬ್ಯಾಂಕಿನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಇದ್ದ ಮಕ್ಕಳ ಸಂಖ್ಯೆ ಮುಂದಿನ ವರ್ಷಗಳಲ್ಲಿ ಬಹಳ ಇಳಿಯಿತು. ಉಳಿದವರು ಯಾರು ಅಂದರೆ ಎಲ್ಲ ದೇಶದಲ್ಲೂ ಉಳಿಯುವವರೇ: ದೊಡ್ಡ ಮಕ್ಕಳು, ಊನ ಇರುವವರು, ಮೂರ್ನಾಲ್ಕು ಜನ ಒಡಹುಟ್ಟಿದವರು. ರಷ್ಯಾ 2022ರ ಸೆಪ್ಟೆಂಬರಿನಲ್ಲಿ ಆ ಮಾನವ ಹಕ್ಕುಗಳ ಒಡಂಬಡಿಕೆಯಿಂದಲೇ ಹೊರಗಾಯಿತು. ಹಾಗಾಗಿ ಇಂಥ ಪ್ರಕರಣ ಮತ್ತೆ ಆದರೆ ಸ್ಟ್ರಾಸ್‌ಬರ್ಗಿನ ದಾರಿಯೂ ಇಲ್ಲ.

ಕಾಯುತ್ತಿರುವವರು ಏನು ನೋಡಬೇಕು

ರಷ್ಯಾದ್ದು ಮುಗಿದ ಕಥೆ ಅಂತ ಬಿಡುವಂತಿಲ್ಲ. 2018ರಲ್ಲಿ ಇಥಿಯೋಪಿಯಾ ವಿದೇಶಿ ದತ್ತು ನಿಲ್ಲಿಸಿತು. 2024ರ ಸೆಪ್ಟೆಂಬರಿನಲ್ಲಿ ಚೀನಾ, ಹತ್ತಿರದ ರಕ್ತಸಂಬಂಧಿಗಳು ಮತ್ತು ಸಂಗಾತಿಯ ಮಕ್ಕಳನ್ನು ದತ್ತು ಪಡೆಯುವವರನ್ನು ಬಿಟ್ಟು, ಎಲ್ಲ ವಿದೇಶಿಯರಿಗೂ ಬಾಗಿಲು ಹಾಕಿತು. ಕೋವಿಡ್ ಶುರುವಾದಾಗಿನಿಂದ ನೂರಾರು ಅಮೆರಿಕದ ಕುಟುಂಬಗಳು ಕಾಯುತ್ತಿದ್ದವು, ಮಗು ಯಾವುದು ಅಂತ ಆಗಲೇ ಗೊತ್ತಾಗಿತ್ತು. ಅವರಲ್ಲಿ ಹೆಚ್ಚಿನವರು ಮಗುವನ್ನು ಮುಟ್ಟಿ ನೋಡಿದವರಲ್ಲ, ಫೋಟೊದಲ್ಲಿ ನೋಡಿದವರು.

ಹೊರದೇಶದಲ್ಲಿರುವ ನಮ್ಮ ಕನ್ನಡದವರಲ್ಲೂ ದೊಡ್ಡ ಮಗುವನ್ನು ದತ್ತು ತೆಗೆದುಕೊಳ್ಳುವ ಮನಸ್ಸಿರುವವರಿದ್ದಾರೆ. ಭಾರತದಿಂದಾದರೆ ತಾವಿರುವ ದೇಶದ ಅಧಿಕೃತ ಏಜೆನ್ಸಿ ಮೂಲಕ ಕಾರಾಕ್ಕೆ, ಅಂದರೆ ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರಕ್ಕೆ ಅರ್ಜಿ. ಇಲ್ಲಿ ಮೊದಲು ಬರುವುದು ಕಾಗದ: ಫೋಟೊ, ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ. 2022ರ ಸೆಪ್ಟೆಂಬರಿನಿಂದ ದತ್ತು ಆದೇಶ ಕೊಡುವುದು ಕೋರ್ಟಲ್ಲ, ಜಿಲ್ಲಾ ಮ್ಯಾಜಿಸ್ಟ್ರೇಟ್. ರಷ್ಯಾದ ಪದ್ಧತಿಗಿಂತ ಇದು ಮಗುವಿಗೆ ಒಳ್ಳೆಯದು ಅಂತ ನನ್ನ ಅನಿಸಿಕೆ, ಯಾಕಂದರೆ ಯಾರೋ ಬಂದು ನೋಡಿ, ಯೋಚಿಸಿ, ಬಿಟ್ಟು ಹೋಗುವ ಸಾಧ್ಯತೆ ಕಡಿಮೆ. ಆದರೂ ಒಪ್ಪಿಗೆ ಆದ ಮೇಲೆ ಮಗುವಿಗೆ ಆಲ್ಬಮ್ ಹೋಗುತ್ತದೆ, ವಿಡಿಯೊ ಕಾಲ್ ಆಗುತ್ತದೆ, ಕಾಯುವುದು ಅಲ್ಲೂ ಇದ್ದೇ ಇದೆ.

ಭೇಟಿಗೆ ಹೋಗುವವರು ಸೋಪಿನ ಗುಳ್ಳೆ ಒಯ್ಯಲಿ, ಆಲ್ಬಮ್ ಬಿಟ್ಟು ಬರಲಿ. ಉಡುಗೊರೆ ಕೊಡುವುದಾದರೆ ಗುಂಪಿನ ಎಲ್ಲರಿಗೂ ಆಗುವಂಥದ್ದು ಕೊಡಲಿ. ನಿಮ್ಮ ಮಗುವಿಗೆ ಮಾತ್ರ ಕೊಟ್ಟದ್ದು ಸಂಜೆಗೆ ಕಪಾಟು ಸೇರುತ್ತದೆ, ಇಲ್ಲವೇ ಜಗಳಕ್ಕೆ ಕಾರಣವಾಗುತ್ತದೆ. ನಿರ್ದೇಶಕರಿಗಿಂತ ರಾತ್ರಿ ಪಾಳಿಯ ಆಯಾ ಹತ್ತಿರ ಮಾತಾಡುವುದು ಮೇಲು. ಮಗು ಹೇಗೆ ಮಲಗುತ್ತದೆ, ಕತ್ತಲಿಗೆ ಹೆದರುತ್ತದಾ, ಹತ್ತಿರದ ಗೆಳೆಯ ಯಾರು, ಬೇರೆ ಕಡೆ ಅಣ್ಣನೋ ತಂಗಿಯೋ ಇದ್ದಾರಾ, ಇದೆಲ್ಲ ಅವಳಿಗೇ ಗೊತ್ತಿರುವುದು. ಮುಂಚೆ ಯಾರಾದರೂ ಬಂದು ನೋಡಿ ಹೋಗಿದ್ದರಾ ಅಂತಲೂ ಕೇಳಿ.

ಮಗುವಿಗೆ ದಿನಾಂಕ ಹೇಳಬೇಡಿ. ‘ಹಿಮ ಬೀಳುವುದರೊಳಗೆ ಬರ್ತೀವಿ’ ಅನ್ನುವುದೂ ದಿನಾಂಕವೇ. ಏಳೆಂಟು ವರ್ಷದ ಮಗುವಿಗೆ ‘ನಮಗೆ ಇಷ್ಟ ಆಗಿದೆ, ಆದರೆ ಜಡ್ಜ್ ಹೂಂ ಅನ್ನಬೇಕು, ಎಷ್ಟು ದಿನ ಆಗುತ್ತೋ ಗೊತ್ತಿಲ್ಲ’ ಅಂದರೆ ಅರ್ಥವಾಗುತ್ತದೆ. ಜಡ್ಜ್ ಅಂದರೆ ಯಾರು ಅಂತ ಅನಾಥಾಲಯದ ಮಕ್ಕಳಿಗೆ ನಮ್ಮ ಮಕ್ಕಳಿಗಿಂತ ಚೆನ್ನಾಗಿ ಗೊತ್ತು. ಎಷ್ಟೋ ಮಕ್ಕಳು ಅಲ್ಲಿಗೆ ಬಂದದ್ದೇ ತಂದೆತಾಯಿಯ ಹಕ್ಕನ್ನು ಕೋರ್ಟು ತೆಗೆದುಹಾಕಿದ್ದರಿಂದ.

ಇನ್ನು ಏಜೆನ್ಸಿಯ ಕರಾರು ಪತ್ರ. ಹಣ ವಾಪಸ್ ಬರುವುದು ಯಾವಾಗ, ಬಾರದಿರುವುದು ಯಾವಾಗ ಅಂತ ಅದರಲ್ಲಿ ಉದ್ದಕ್ಕೂ ಬರೆದಿರುತ್ತಾರೆ. ಇನ್ನೊಂದು ಕಲಮು ಸೇರಿಸಿ ಅಂತ ಕೇಳಿ: ದತ್ತು ಮಧ್ಯದಲ್ಲಿ ನಿಂತುಹೋದರೆ ಮಗುವಿಗೆ ವಿಷಯ ತಿಳಿಸುವವರು ಯಾರು, ಯಾವ ಭಾಷೆಯಲ್ಲಿ, ಎಷ್ಟು ದಿನದೊಳಗೆ, ನೀವು ಬರೆದ ಪತ್ರವನ್ನು ಮಗುವಿಗೆ ಓದಿ ಹೇಳುತ್ತಾರಾ. ಆ ಪತ್ರವನ್ನು ಮೊದಲ ಭೇಟಿಗೆ ಮುಂಚೆಯೇ ಬರೆದು ಅನುವಾದ ಮಾಡಿಸಿ ಕೊಟ್ಟಿಡಬಹುದು. ಈ ಕಲಮಿಗೆ ಏಜೆನ್ಸಿ ಒಪ್ಪದಿದ್ದರೆ ಇನ್ನೊಂದು ಏಜೆನ್ಸಿ ನೋಡಿ. ಬೇರೆ ದಾರಿಯೇ ಇಲ್ಲ ಅಂತಾದರೆ ಭೇಟಿಯ ದಿನ ಬಾಗಿಲಲ್ಲೇ ಆಯಾಗೆ ಹೇಳಿ: ಆದೇಶ ಬರುವವರೆಗೆ ನಮ್ಮನ್ನು ಹೆಸರು ಹಿಡಿದು ಪರಿಚಯ ಮಾಡಿಸಿ, ಅಮ್ಮ ಅಪ್ಪ ಅನ್ನಬೇಡಿ.